ಆರ್ಥರ್ ಆಂಡರ್ಸನನೂ ಶೆಟ್ಲೆಂಡಿನ ಶಾಲುಗಳೂ

ಪಿ. ಆಂಡ್ ಓ. ಎಂಬ ಹಡಗಿನ ಕಂಪೆನಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅದರ ಹಿಂದೂಸ್ಥಾನವೆಂಬ ಉಗಿಹಡಗು 1842ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಹೊರಟಿತು; 1854ರಿಂದ ಸುಯೆಜಿನಿಂದ ಮುಂಬಯಿಗೆ ಟಪಾಲನ್ನು ತರುವ ಕೆಲಸವೂ ಅದೇ ಕಂಪೆನಿಗೆ ಸೇರಿತು. ಅದನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಆರ್ಥರ್ ಆಂಡರ್ಸನನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ಆದರೆ ನಾವು ಹೇಳಬೇಕೆಂದಿರುವದು ಹಡಗುಗಳ ವಿಷಯವಲ್ಲ. ಆತನು ಒಂದು ಸಾರಿ ರಾಣಿಗೆ ಒಪ್ಪಿಸಿದ ಉಣ್ಣೆಯ ಕಾಲುಚೀಲಗಳ ವಿಷಯವನ್ನೂ, ಅಂಥವುಗಳನ್ನು ಹೆಣೆಯುತ್ತಿದ್ದ ಸ್ತ್ರೀಯರ ವಿಷಯವನ್ನೂ ಹೇಳಬೇಕೆಂದಿದ್ದೇವೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ಮಧ್ಯದಲ್ಲಿ ಶೆಟ್ಲೆಂಡೆಂಬ ದ್ವೀಪಗಳುಂಟು. ಅಲ್ಲಿ ಮರಗಳು ಅಪರೂಪ, ಗಾಳಿಯೋ ಬಹಳ. ಆ ದ್ವೀಪಗಳ ಮುಖ್ಯಪಟ್ಟಣವಾದ ಲರ್ವಿಕ್ಕಿನ ಸಮೀಪದಲ್ಲಿರುವ ಗ್ರೆಮಿಸ್ಟಾ ಎಂಬಲ್ಲಿ, ಮೀನು ಒಣಗಿಸುವ ಕಡಲತೀರದ ಮನೆಯೊಂದರಲ್ಲಿ, ಆರ್ಥರನು 1792ನೇ ಇಸವಿ ಫೆಬ್ರವರಿ 19ರಂದು ಹುಟ್ಟಿದನು. ಬಾಲ್ಯದಲ್ಲಿಯೇ ಥಾಮಸ್ ಬೋಲ್ಟ್ ಎಂಬ ವರ್ತಕನ ಬಳಿಯಲ್ಲಿ ಕೆಲಸಕ್ಕೆ ಸೇರಿ, ತೀರದ ಕಲ್ಲುಗಳ ಮೇಲೆ ಮೀನುಗಳನ್ನು ಹರಡುವದು, ತಿರುವಿ ಹಾಕುವದು ಮುಂತಾದವುಗಳನ್ನು ಮಾಡುತ್ತಿದ್ದನು. ಆ ಯಜಮಾನನು ದಯಾವಂತನಾಗಿದ್ದು ಹುಡುಗನ ಚುರುಕುತನವನ್ನು ಕಂಡು ಅವನನ್ನು ಲೆಕ್ಕಪತ್ರದ ಕೆಲಸಕ್ಕೆ ಏರಿಸಿದನು. 1808ರಲ್ಲಿ ಆರ್ಥರನು ನೌಕಾಸೈನ್ಯಕ್ಕೆ ಸೇರಿದನು. ಯುದ್ಧವು ಮುಗಿದ ಮೇಲೆ 1815ರಲ್ಲಿ ಬಿಡುಗಡೆಯಾಗಿ, ಕೈಯಲ್ಲಿ ಹಣವಿಲ್ಲದವನಾಗಿ ಪೋರ್ಟ್ಸ್‌ಮತ್ತಿನಿಂದ ಲಂಡನಿಗೆ ನಡೆದುಕೊಂಡೇ ಹೋದನು. ಅಲ್ಲಿ ಕೆಲವು ಕಾಲ ಕೆಲಸವಿಲ್ಲದೆ ಕಷ್ಟಪಟ್ಟು, ತರುವಾಯ ವಿಲ್‌ಕಾಕ್ಸನೆಂಬ ಹಡಗಿನ ವ್ಯಾಪಾರಿಯ ಬಳಿ ಗುಮಾಸ್ತನಾಗಿ, ಮುಂದೆ ಅವನ ಪಾಲುಗಾರನೇ ಆದನು. 1822ರಲ್ಲಿ ಮೇರಿ ಆನ್ ಹಿಲ್ ಎಂಬಾಕೆಯನ್ನು ಮದುವೆಯಾದನು. 1837ರಲ್ಲಿ ಸ್ಪೇನ್ ಪೋರ್ಚುಗಲ್ ದೇಶಗಳ ಕಡೆಗೆ ಟಪಾಲು ಒಯ್ಯುವ ಗುತ್ತಿಗೆಯು ಅವರಿಗೆ ದೊರೆಯಿತು. 1840ರಲ್ಲಿ ಮೇಲೆ ಹೇಳಿದ ಕಂಪೆನಿಯು ರಾಜಶಾಸನದಿಂದ ಸ್ಥಾಪಿತವಾಯಿತು. ಮೀನು ತಿರುವುತ್ತಿದ್ದ ಹುಡುಗನು ಹೀಗೆ ಐಶ್ವರ್ಯವಂತನಾದನು.

ಐಶ್ವರ್ಯ ಬಂದಾಗ ಹುಟ್ಟಿದೂರನ್ನು ಮರೆಯುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆ. ಆಂಡರ್ಸನನು ಮರೆಯಲಿಲ್ಲ. ಆ ಕಾಲದಲ್ಲಿ ಶೆಟ್ಲೆಂಡಿನ ಬಡ ಒಕ್ಕಲಿಗನು ತಾನು ಹಿಡಿದ ಮೀನನ್ನು ಭೂಮಿಯ ಒಡೆಯನಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕಾಗಿತ್ತು. ಕೊಡದಿದ್ದರೆ ಮನೆಯೂ ಹೊಲವೂ ಹೋಗುವವು. ಆಂಡರ್ಸನನು 1836ರಲ್ಲಿ ಒಂದು ವರ್ತಮಾನಪತ್ರವನ್ನು ಹೊರಡಿಸಿ ಈ ಕಟ್ಟುಪಾಡಿನ ಕೇಡನ್ನು ಬಯಲಿಗೆಳೆದನು. ಶೆಟ್ಲೆಂಡಿಗೆ ಅದೇ ಮೊದಲನೆಯ ವರ್ತಮಾನಪತ್ರ. ಮರುವರುಷ ವೈಲಾ ಎಂಬ ದ್ವೀಪದಲ್ಲಿ ಮೀನುಗಾರಿಕೆಯ ಕಂಪೆನಿಯನ್ನು ತೆರೆದು, ಬೆಸ್ತರು ಒಡೆಯರ ಹಂಗಿಲ್ಲದೆ ಮೀನು ಮಾರುವದಕ್ಕೆ ದಾರಿಮಾಡಿದನು.

ಅದೇ 1837ರಲ್ಲಿ ವಿಕ್ಟೋರಿಯಾ ರಾಣಿಯು ಸಿಂಹಾಸನವನ್ನೇರಿದಳು. ಆಗ ಆಂಡರ್ಸನನು ತನ್ನ ದ್ವೀಪದ ಸ್ತ್ರೀಯರು ಹೆಣೆದ ಅತಿ ನಯವಾದ ಉಣ್ಣೆಯ ಕಾಲುಚೀಲಗಳನ್ನು ಆಕೆಗೆ ಕಾಣಿಕೆಯಾಗಿ ಒಪ್ಪಿಸಿದನು. ರಾಣಿಯು ಧರಿಸುವದನ್ನು ಸಿರಿವಂತರ ಮನೆಗಳಲ್ಲಿ ಎಲ್ಲರೂ ಧರಿಸಬಯಸುವರೆಂಬದನ್ನು ವ್ಯಾಪಾರಿಯಾದ ಆತನು ಚೆನ್ನಾಗಿ ಬಲ್ಲವನು. ಹಾಗೆಯೇ ಆಯಿತು. ತರುವಾಯದ ವರುಷಗಳಲ್ಲಿ ಇತರ ವ್ಯಾಪಾರಿಗಳೂ ಶೆಟ್ಲೆಂಡಿಗೆ ಬಂದರು. ಕಾಲುಚೀಲಗಳಿಗಿಂತಲೂ ಲೇಸಿನ ಶಾಲುಗಳಿಗೆ ಹೆಚ್ಚು ಕೀರ್ತಿಯುಂಟಾಯಿತು. 1851ರಲ್ಲಿ ಲಂಡನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿಯೂ ಅವುಗಳನ್ನು ಇಟ್ಟಿದ್ದರು.

ಈ ಶಾಲು ಹೇಗೆ ಆಗುತ್ತಿತ್ತೆಂಬದನ್ನು ಸ್ವಲ್ಪ ಕೇಳಿರಿ. ಅಲ್ಲಿಯ ಕುರಿಗಳು ಚಿಕ್ಕವು. ಬೇಸಿಗೆಯ ಆರಂಭದಲ್ಲಿ ಉಣ್ಣೆಯು ತಾನಾಗಿ ಸಡಿಲವಾದಾಗ ಕತ್ತರಿಯಿಲ್ಲದೆ ಕೈಯಿಂದಲೇ ಅದನ್ನು ಬಿಡಿಸುವರು. ಕುತ್ತಿಗೆಯ ಬಳಿಯ ಮೃದುವಾದ ಉಣ್ಣೆಯನ್ನು ಮಾತ್ರ ಶಾಲಿಗಾಗಿ ತೆಗೆದಿಟ್ಟು, ಹಿಂಜಿ, ರಾಟೆಯಲ್ಲಿ ಕೂದಲೆಳೆಯಂತೆ ನೂತು, ಎರಡೆಳೆಗಳನ್ನು ಹುರಿಮಾಡುವರು. ಆ ಮೇಲೆ ಸಣ್ಣ ಕಡ್ಡಿಗಳಿಂದ ಹೆಣಿಗೆ. ಅಲೆ, ಜರಿಗಿಡ, ಬೆಕ್ಕಿನ ಹೆಜ್ಜೆ ಎಂದು ವಿನ್ಯಾಸಗಳಿಗೆ ಹೆಸರುಗಳುಂಟು. ಅವು ಕಾಗದದಲ್ಲಿ ಬರೆದವುಗಳಲ್ಲ, ತಾಯಿಯಿಂದ ಮಗಳು ನೋಡಿ ಕಲಿತವುಗಳು. ಒಂದು ಮೂಲೆಯಲ್ಲಿ ಒಂದು ಕಣ್ಣು ಜಾರಿದರೆ ಸಾಲುಸಾಲನ್ನೇ ಬಿಚ್ಚಬೇಕು. ಮುಗಿದ ಶಾಲನ್ನು ತೊಳೆದು ಮರದ ಚೌಕಟ್ಟಿಗೆ ಎಳೆದುಕಟ್ಟಿ ಒಣಗಿಸುವರು. ನಾಲ್ಕು ಮೊಳ ಉದ್ದ, ನಾಲ್ಕು ಮೊಳ ಅಗಲವಿದ್ದರೂ ಅತಿ ನಯವಾದ ಶಾಲು ತೂಕದಲ್ಲಿ ನಮ್ಮ ಲೆಕ್ಕದ ಸುಮಾರು 6 ತೊಲೆ ಮಾತ್ರ! ಮದುವೆಯ ಉಂಗುರದೊಳಗಿಂದ ಇಡೀ ಶಾಲನ್ನು ಎಳೆದು ತೆಗೆಯಬಹುದಾಗಿತ್ತು. ಅನ್‌ಸ್ಟ್ ಎಂಬ ಉತ್ತರದ ದ್ವೀಪದವರು ಇದರಲ್ಲಿ ಬಹು ನಿಪುಣರು.

ಗಂಡಸರು ಸಮುದ್ರದ ಮೇಲಿರುವಾಗ ಹೊಲ, ದನ, ಮಕ್ಕಳು ಎಲ್ಲವೂ ಈ ಸ್ತ್ರೀಯರ ಪಾಲಿಗೇ. ಸೊಂಟಕ್ಕೆ ತೂತುಗಳುಳ್ಳ ತೊಗಲಿನ ಪಟ್ಟಿಯೊಂದನ್ನು ಬಿಗಿದು, ಅದರಲ್ಲಿ ಕಡ್ಡಿಯ ತುದಿಯನ್ನು ಸಿಕ್ಕಿಸಿ, ಬೆನ್ನಿನ ಮೇಲೆ ಉರುವಲಿನ ಬುಟ್ಟಿಯನ್ನು ಹೊತ್ತು ನಡೆಯುವಾಗಲೂ ಕಾಲುಚೀಲ ಮುಂತಾದ ದಪ್ಪ ಹೆಣಿಗೆಯನ್ನು ಬಿಡುತ್ತಿರಲಿಲ್ಲ. ನಯವಾದ ಲೇಸಿಗೆ ಮಾತ್ರ ಕುಳಿತು ಕಣ್ಣಿಡಬೇಕಾಗಿತ್ತು. ಬೇರೆ ಕೆಲಸದ ಸಂಗಡ ನಡೆಯುವದರಿಂದ ಹೆಣಿಗೆಯನ್ನು ಬಿಡುವಿನ ಕೆಲಸವೆಂದು ಎಣಿಸುವದು ಸುಲಭವಾಯಿತು. ಈ ಮಾತು ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿಯೂ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಮುದುಕಿಯನ್ನು ಕಂಡು, ಸುಮ್ಮನೆ ಕುಳಿತು ಹೊತ್ತು ಕಳೆಯುತ್ತಾಳೆಂದು ಹೇಳುವ ಗಂಡಸರನ್ನು ನಾವು ಕಂಡಿದ್ದೇವೆ. ಆ ರಾತ್ರಿ ಅದೇ ಕೌದಿಯನ್ನು ಹೊದ್ದು ಮಲಗುವವರೂ ಅವರೇ.

ಬಿಡುವಿನ ಕೆಲಸವೆಂದೆಣಿಸಿದ್ದಕ್ಕೆ ದೊರೆತ ಕೂಲಿಯೂ ಹಾಗೆಯೇ ಇತ್ತು. ಸ್ತ್ರೀಯು ಶಾಲನ್ನು ಲರ್ವಿಕ್ಕಿನ ಅಂಗಡಿಗೆ ತಂದರೆ ಅಂಗಡಿಕಾರನು ಬೆಲೆಯನ್ನೇನೋ ಹೇಳುವನು, ನಾಣ್ಯವನ್ನು ಮಾತ್ರ ಕೊಡನು. ಚಹದ ಪುಡಿ, ಹತ್ತಿಯ ಬಟ್ಟೆ, ಇಲ್ಲವೆ ಮುಂದೆ ಸಾಮಾನು ಕೊಡುವೆನೆಂಬ ಒಂದು ಚೀಟಿ. ಆ ಸಾಮಾನಿನ ದರವನ್ನು ಗೊತ್ತುಮಾಡುವವನೂ ಅವನೇ. ಹಿಟ್ಟು ಬೇಕಾದ ಬಡವಳು ಆ ಚಹವನ್ನು ನೆರೆಯವರಿಗೆ ನಷ್ಟದಿಂದ ಕೊಟ್ಟು ಹಿಟ್ಟನ್ನೋ ಆಲೂಗಡ್ಡೆಯನ್ನೋ ಪಡೆಯಬೇಕಾಗಿತ್ತು. ಮೈಮೇಲೆ ಹೊಸ ಬಟ್ಟೆ, ಮನೆಯಲ್ಲಿ ಹಿಟ್ಟಿಲ್ಲ. ಇಂಥ ದುರವಸ್ಥೆಯು ಅಲ್ಲಿ ಸಾಮಾನ್ಯವಾಗಿತ್ತು. ರಾಣಿಯ ಅರಮನೆಯ ತನಕ ಹೋದ ಕೀರ್ತಿಯು ಅಂಗಡಿಯ ಹಲಗೆಯನ್ನು ದಾಟಿ ಈಚೆಗೆ ಬರಲಿಲ್ಲ.

ಹಾಗೆಂದು ಆಂಡರ್ಸನನ ಮೇಲೆ ತಪ್ಪು ಹೊರಿಸುವದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಆತನು 1847ರಿಂದ 1852ರ ವರೆಗೆ ಆ ದ್ವೀಪಗಳ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತನು. 1862ರಲ್ಲಿ ಲರ್ವಿಕ್ಕಿನಲ್ಲಿ ತನ್ನ ಹಣದಿಂದ ದೊಡ್ಡ ಪಾಠಶಾಲೆಯನ್ನು ಕಟ್ಟಿಸಿದನು. ಆ ಸಮುದ್ರವು ಎಷ್ಟು ಕ್ರೂರವೆಂಬದು ಆತನಿಗೆ ಗೊತ್ತಿತ್ತು. 1832ರ ಜುಲೈ ತಿಂಗಳ ಒಂದೇ ಬಿರುಗಾಳಿಯಲ್ಲಿ ಶೆಟ್ಲೆಂಡಿನ 105 ಮಂದಿ ಬೆಸ್ತರು ಸತ್ತಿದ್ದರು. ಗಂಡನು ಮುಳುಗಿದ ಮೇಲೆ ಅನೇಕರಿಗೆ ಉಳಿದದ್ದು ಹೆಣಿಗೆಯ ಕಡ್ಡಿಗಳೇ. ಆತನ ಹೆಂಡತಿಯು 1864ರಲ್ಲಿ ತೀರಿಕೊಂಡಾಗ, ಮಕ್ಕಳಿಲ್ಲದ ಆ ಮುದುಕನು ಆಕೆಯ ಜ್ಞಾಪಕಾರ್ಥವಾಗಿ ಮರುವರುಷ ಬೆಸ್ತರ ಮತ್ತು ನಾವಿಕರ ವಿಧವೆಯರಿಗೋಸ್ಕರ ಲರ್ವಿಕ್ಕಿನಲ್ಲಿ ಮನೆಗಳನ್ನು ಕಟ್ಟಿಸಿದನು. 1868ರ ಫೆಬ್ರವರಿಯಲ್ಲಿ ಲಂಡನಿನ ಬಳಿ ಆತನು ಕಾಲವಾದನು.

ಆತನು ಸತ್ತು ಸುಮಾರು ನಾಲ್ಕು ವರುಷಗಳಾದ ಮೇಲೆ, 1872ರ ಜನವರಿಯಲ್ಲಿ, ಸರಕಾರದವರು ಕಳುಹಿಸಿದ ಗತ್ರಿ ಎಂಬ ಅಧಿಕಾರಿಯು ಲರ್ವಿಕ್ಕಿನಲ್ಲಿ ಕುಳಿತು ವಿಚಾರಣೆ ಮಾಡಿದನು. ಹೆಣಿಗೆಯ ಸ್ತ್ರೀಯರು ಒಬ್ಬೊಬ್ಬರಾಗಿ ಬಂದು, ತಾವು ಎಷ್ಟು ಹೆಣೆದೆವು, ಏನು ದೊರೆಯಿತು, ಹಣ ಕೇಳಿದಾಗ ಏನಾಯಿತು ಎಂಬದನ್ನು ಪ್ರಮಾಣಪೂರ್ವಕವಾಗಿ ಹೇಳಿದರು, ಅದೆಲ್ಲವೂ ಅಚ್ಚಾಗಿದೆ. ನಾಳೆ ಅದೇ ಅಂಗಡಿಗೆ ಹೋಗಬೇಕಾದವಳು ಇಂದು ಅಂಗಡಿಕಾರನ ವಿಷಯದಲ್ಲಿ ಸಾಕ್ಷಿ ಹೇಳುವದಕ್ಕೆ ಎಷ್ಟು ಧೈರ್ಯ ಬೇಕೆಂಬದನ್ನು ಸಾಲ ಮಾಡಿ ಬಲ್ಲ ನಮ್ಮ ಸಭೆಗಳವರಿಗೆ ಹೇಳಬೇಕಾಗಿಲ್ಲ. 1887ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯು ಮನೆಯಲ್ಲಿ ಹೆಣೆದ ವಸ್ತುಗಳಿಗೂ ಹಣವನ್ನೇ ಕೊಡಬೇಕೆಂದು ವಿಧಿಸಿತು. ಆದರೂ ಸಾಮಾನು ಕೊಟ್ಟು ಹೆಣಿಗೆ ಪಡೆಯುವ ಪದ್ಧತಿಯು ಅಲ್ಲಿ ಮುಂದಿನ ಶತಮಾನದ ತನಕವೂ ಎಳೆದುಕೊಂಡು ಬಂದಿತು.

ಗ್ರೆಮಿಸ್ಟಾದಲ್ಲಿ ಆಂಡರ್ಸನನು ಹುಟ್ಟಿದ ಆ ಕಲ್ಲುಮನೆಯನ್ನು ಬಹುಕಾಲದ ತರುವಾಯ ಸರಿಪಡಿಸಿ, ದ್ವೀಪದವರ ಹೆಣಿಗೆ ನೇಯ್ಗೆಗಳನ್ನು ಜನರು ನೋಡುವಂತೆ ಅಲ್ಲಿ ಇಟ್ಟರು.