ಕಿತ್ತೂರಿನ ಅಜ್ಜಿ

ಕಿತ್ತೂರ ರಾಣಿ ಚೆನ್ನಮ್ಮನನ್ನು ಕುದುರೆಯಿಂದ ಇಳಿಸಿ ನೋಡುವ ರೂಢಿ ನಮಗಿಲ್ಲ. ಶಿಲ್ಪಿಗಳು ಆಕೆಯ ಕೈಗೆ ಖಡ್ಗವನ್ನಿತ್ತರು. 1961ರ ಚಲನಚಿತ್ರ ಆ ವೀರರೂಪವನ್ನು ಮನೆಮನೆಗೆ ಮುಟ್ಟಿಸಿತು. ಅದು ಸರಿಯೇ. ಆದರೆ ಆಂಗ್ಲರನ್ನು ಎದುರಿಸಿದಾಗ ಆಕೆಗೆ ನಾಲ್ವತ್ತಾರರ ವಯಸ್ಸು, ಆಕೆ ವಿಧವೆ, ಸಂಬಂಧದಲ್ಲಿ ಅಜ್ಜಿ ಎಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನನ್ನ ಮುಖವನ್ನೇ ನೋಡುತ್ತಾರೆ.

ಬೆಳಗಾವಿಯ ಉತ್ತರಕ್ಕೆ, ಪುಣೆಯ ಹೆದ್ದಾರಿಯ ಮಗ್ಗುಲಲ್ಲಿರುವ ಕಾಕತಿ ಆಕೆಯ ತವರು. 1778ರಲ್ಲಿ ದೂಳಪ್ಪ ದೇಸಾಯಿಯ ಮಗಳಾಗಿ ಹುಟ್ಟಿ, ಮಲ್ಲಸರ್ಜನ ಕಿರಿಯ ರಾಣಿಯಾಗಿ ಕಿತ್ತೂರನ್ನು ಸೇರಿದಳು. ತಾನು ಹೆತ್ತ ಮಗ ಉಳಿಯಲಿಲ್ಲ. ಪೇಶ್ವೆಯ ಸೆರೆಯಲ್ಲಿ ಸೊರಗಿದ ಪತಿ 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮ ಹಡೆದ ಶಿವಲಿಂಗರುದ್ರಸರ್ಜ ಪಟ್ಟವೇರಿದನು. ಅವನು ರೋಗಿ, ಸಂಸ್ಥಾನದ ಹೊರೆ ಬಹುಮಟ್ಟಿಗೆ ಮಲತಾಯಿಯ ಮೇಲೆಯೇ ಬಿದ್ದಿತು. ಮಲತಾಯಿ ಎಂಬ ಮಾತಿಗೆ ನಮ್ಮ ಜನಪದ ಕಥೆಗಳು ಅಂಟಿಸಿರುವ ಮಸಿ ಈ ಹೆಣ್ಣುಮಗಳಿಗೆ ತಗಲಲಿಲ್ಲ.

1824ರ ಸೆಪ್ಟೆಂಬರಿನಲ್ಲಿ ಅವನೂ ಹೋದನು. ಮಕ್ಕಳಿಲ್ಲದ ಆತ ಮಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದನು. ಕೆಲವು ಪುಸ್ತಕಗಳಲ್ಲಿ ಶಿವಲಿಂಗಪ್ಪ ಚೆನ್ನಮ್ಮನ ದತ್ತುಮಗನೆಂದೇ ಇದೆ. ದತ್ತಕ ಪಡೆದವನು ಮಗನಾದುದರಿಂದ ಬಂದ ಹುಡುಗ ಮೊಮ್ಮಗನಾಗಬೇಕು. ರಕ್ತಸಂಬಂಧದ ಲೆಕ್ಕ ಹಿಡಿದರೆ ಮಗನೂ ಆಕೆಯವನಲ್ಲ, ಮೊಮ್ಮಗನೂ ಆಕೆಯವನಲ್ಲ. ಆ ಲೆಕ್ಕವನ್ನು ಆಕೆ ಹಿಡಿಯಲಿಲ್ಲ. ಹಿಡಿದವನು ಧಾರವಾಡದ ಕಲೆಕ್ಟರ ಥ್ಯಾಕರೆ. ದತ್ತಕಪತ್ರದ ರುಜುವನ್ನೇ ಶಂಕಿಸಿ, ವಾರಸುದಾರನಿಲ್ಲವೆಂದು ಖಜಾನೆಗೆ ಮುದ್ರೆ ಹಾಕಿಸಿದನು. ದತ್ತು ಮಕ್ಕಳ ಹಕ್ಕನ್ನು ಅಲ್ಲಗಳೆಯುವ ನೀತಿಗೆ ನಾವು ಡಾಲ್‌ಹೌಸಿಯ ಹೆಸರನ್ನು ಅಂಟಿಸುತ್ತೇವೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ! ಝಾನ್ಸಿಯ ರಾಣಿ ಇನ್ನೂ ಹುಟ್ಟಿರದ ಕಾಲಕ್ಕೆ ನಮ್ಮ ಸೀಮೆಯ ಅಜ್ಜಿಯೊಬ್ಬಳು ಆ ವ್ಯಾಜ್ಯವನ್ನು ಹೂಡಿಯಾಗಿತ್ತು.

ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಕಾದಾಟವಾಗಿ ಥ್ಯಾಕರೆ ಮಡಿದನು. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅವರ ಕೂದಲೂ ಕೊಂಕಲಿಲ್ಲ, ಡಿಸೆಂಬರಿನಲ್ಲಿ ಬಿಡುಗಡೆಯಾದರು. ಇದೇ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದನು. ಶಾಸನಪಾಠ ಹೇಳುವಾಗಲೆಲ್ಲ ನನಗೆ ಕಿತ್ತೂರಿನ ಆ ಸೆರೆಮನೆ ನೆನಪಾಗುತ್ತದೆ. ಸೆರೆಯಾಳುಗಳನ್ನು ಬಿಟ್ಟ ಮರುದಿನವೇ ಆಂಗ್ಲರ ದೊಡ್ಡ ಸೈನ್ಯ ಮುತ್ತಿತು. 5ರಂದು ಕೋಟೆ ಬಿದ್ದಿತು.

ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಕವಿಗಳು ಹಾಡದ ವರ್ಷಗಳಿವು. ಗಂಡನನ್ನು ಕಳೆದುಕೊಂಡ ಅತ್ತೆ, ಗಂಡನನ್ನು ಕಳೆದುಕೊಂಡ ಸೊಸೆ, ಪಟ್ಟ ತಪ್ಪಿದ ಮೊಮ್ಮಗ. ನಾಲ್ಕು ವರ್ಷಗಳ ಮೇಲೆ, 1829ರ ಫೆಬ್ರುವರಿಯಲ್ಲಿ, ಆಕೆ ಸೆರೆಯಲ್ಲಿಯೇ ಕಣ್ಣುಮುಚ್ಚಿದಳು. ಸಮಾಧಿ ಬೈಲಹೊಂಗಲದಲ್ಲಿದೆ.

ಆಕೆಯೊಡನೆ ಶಿವಲಿಂಗಪ್ಪನ ಹಕ್ಕು ಮಣ್ಣಾಗಲಿಲ್ಲ. ಸಂಗೊಳ್ಳಿಯ ರಾಯಣ್ಣ ಅದನ್ನೇ ಮುಂದಿಟ್ಟುಕೊಂಡು ಜನ ಕೂಡಿಸಿದನು. 1830ರ ಜನವರಿಯಲ್ಲಿ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಅಡವಿಯ ಆಶ್ರಯದಲ್ಲಿ ಕಾದಾಡಿದ ಆತ ಏಪ್ರಿಲಿನಲ್ಲಿ ಸ್ವಜನರ ದ್ರೋಹದಿಂದ ಸಿಕ್ಕಿಬಿದ್ದನು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಶಿವಲಿಂಗಪ್ಪನನ್ನೂ ಆಂಗ್ಲರು ಹಿಡಿದರು. ಕಿತ್ತೂರಿನ ಗಾದಿ ಅವನಿಗೆ ದಕ್ಕಲಿಲ್ಲ.

ನಂದಗಡದಲ್ಲಿ ರಾಯಣ್ಣನ ಹೆಸರಿನ ಆಲದ ಮರವಿದೆ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಅದರ ಕೊಂಬೆಗಳಿಗೆ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹೋಗುತ್ತಾರೆ.