ಕಣ್ಣು ಹೋದ ಮೇಲೆ ಸಿಕ್ಕಿದ ಉತ್ತರ: ಇಳಿಜಾರಿನ ಗುಟ್ಟು ಮತ್ತು ಗೆಲಿಲಿಯೊ

ಗೆಲಿಲಿಯೊ ಎಂದ ಕೂಡಲೇ ದೂರದರ್ಶಕ, ಗುರುಗ್ರಹದ ಚಂದ್ರರು, ರೋಮ್‌ನಲ್ಲಿ ನಡೆದ ವಿಚಾರಣೆ ನೆನಪಾಗುತ್ತವೆ. ಆದರೆ ಕೊನೆಗಾಲದವರೆಗೂ ಆತನನ್ನು ಬಿಡದೆ ಕಾಡಿದ್ದು ಆಕಾಶವಲ್ಲ, ಓರೆಯಾಗಿ ಇಟ್ಟ ಹಲಗೆಯ ಮೇಲೆ ಉರುಳುವ ಒಂದು ಗುಂಡು.

1564ರ ಫೆಬ್ರವರಿ 15ರಂದು ಇಟಲಿಯ ಪೀಸಾದಲ್ಲಿ ಹುಟ್ಟಿದ ಗೆಲಿಲಿಯೊನ ತಂದೆ ಸಂಗೀತಗಾರ. ಮಗ ವೈದ್ಯನಾಗಲಿ ಎಂಬುದು ತಂದೆಯ ಆಸೆ. ಆದರೆ ಗಣಿತದ ಹುಚ್ಚು ಹತ್ತಿಸಿಕೊಂಡ ಮಗ 1585ರಲ್ಲಿ ಪದವಿ ಪಡೆಯದೆಯೇ ವಿಶ್ವವಿದ್ಯಾಲಯ ಬಿಟ್ಟ. ನಾಲ್ಕೇ ವರ್ಷಗಳಲ್ಲಿ ಅಲ್ಲಿಯೇ ಗಣಿತದ ಅಧ್ಯಾಪಕನಾದ. 1592ರಿಂದ 18 ವರ್ಷ ಪಾದುವಾದಲ್ಲಿ ಪಾಠ ಹೇಳಿದ.

ಹಲಗೆ, ಗುಂಡು, ನೀರು

ಮೇಲಿನಿಂದ ಬೀಳುವ ವಸ್ತು ಕಣ್ಣು ಮಿಟುಕಿಸುವುದರಲ್ಲಿ ನೆಲ ಮುಟ್ಟುತ್ತದೆ. ಅದನ್ನು ಅಳೆಯುವ ಗಡಿಯಾರ ಆಗ ಇರಲಿಲ್ಲ. ಹಾಗಾಗಿ ಗೆಲಿಲಿಯೊ ಬೀಳುವಿಕೆಯನ್ನೇ ನಿಧಾನಗೊಳಿಸಿದ. ಉದ್ದನೆಯ ಮರದ ತೊಲೆಯಲ್ಲಿ ನೇರವಾದ ಕಾಲುವೆ ಕೊರೆಸಿ, ಅದಕ್ಕೆ ನಯವಾದ ಚರ್ಮದ ಹಾಳೆ ಅಂಟಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟ. ಆ ಹೊತ್ತಿನಲ್ಲಿ ಪಾತ್ರೆಯಿಂದ ಹರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ. ಸಮಯ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಗುತ್ತಿತ್ತು.

ಇನ್ನೊಂದು ಸಂಗತಿಯೂ ಆತನಿಗೆ ಹೊಳೆಯಿತು. ಇಳಿಜಾರು ಕಡಿದಾಗಿರಲಿ, ಹದವಾಗಿರಲಿ, ಎತ್ತರ ಒಂದೇ ಆಗಿದ್ದರೆ ಕೆಳಗೆ ಮುಟ್ಟುವಾಗಿನ ವೇಗವೂ ಒಂದೇ. ಇದಕ್ಕೆ ಆತ ಕೊಟ್ಟ ನಿದರ್ಶನ ಲೋಲಕ. ದಾರದ ಹಾದಿಯಲ್ಲಿ ಒಂದು ಮೊಳೆ ಹೊಡೆದು ಅಡ್ಡಗಟ್ಟಿದರೂ ಗುಂಡು ಆಚೆ ಬದಿಯಲ್ಲಿ ಬಹುತೇಕ ಹೊರಟಷ್ಟೇ ಎತ್ತರಕ್ಕೆ ಏರುತ್ತದೆ.

ಇಂದಿನ ಶಾಲಾ ಮಕ್ಕಳು ಇದನ್ನು ಯಾಂತ್ರಿಕ ಶಕ್ತಿಯ ಸಂರಕ್ಷಣೆ ಎಂದು ಓದುತ್ತಾರೆ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿ ಇಳಿಯುತ್ತಾ ಚಲನ ಶಕ್ತಿಯಾಗುತ್ತದೆ. 5 ಮೀಟರ್ ಎತ್ತರದಿಂದ ಘರ್ಷಣೆಯಿಲ್ಲದೆ ಜಾರಿದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಇಳಿಜಾರಿನ ಉದ್ದ 10 ಮೀಟರ್ ಇದ್ದರೂ ಅಷ್ಟೇ, 50 ಮೀಟರ್ ಇದ್ದರೂ ಅಷ್ಟೇ. ಬದಲಾಗುವುದು ತಗಲುವ ಸಮಯ ಮಾತ್ರ. ವಸ್ತುವಿನ ತೂಕಕ್ಕೂ ಈ ವೇಗಕ್ಕೂ ಸಂಬಂಧವಿಲ್ಲ.

ಗೃಹಬಂಧನದ ದಿನಗಳು

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ವಾದಕ್ಕಾಗಿ 1633ರಲ್ಲಿ ರೋಮ್‌ನ ಧಾರ್ಮಿಕ ನ್ಯಾಯಮಂಡಳಿ ಗೆಲಿಲಿಯೊಗೆ ಶಿಕ್ಷೆ ವಿಧಿಸಿತು. ಫ್ಲಾರೆನ್ಸ್ ಬಳಿಯ ಆರ್ಚೆತ್ರಿಯಲ್ಲಿ ಗೃಹಬಂಧನ. ಮರುವರ್ಷವೇ ಆಸರೆಯಾಗಿದ್ದ ಮಗಳು, ಸನ್ಯಾಸಿನಿ ಮಾರಿಯಾ ಚೆಲೆಸ್ತೆ ತೀರಿಕೊಂಡಳು. ಆ ದುಃಖದಲ್ಲೂ ಆತ ಹಲಗೆ, ಗುಂಡುಗಳ ಹಳೆಯ ಟಿಪ್ಪಣಿಗಳಿಗೆ ಮರಳಿ, ಚಲನೆಯ ಕುರಿತ ಪುಸ್ತಕ ಬರೆದ. ಅದು 1638ರಲ್ಲಿ ದೂರದ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಆತನ ಎರಡೂ ಕಣ್ಣುಗಳು ಕುರುಡಾಗಿದ್ದವು.

1639ರಲ್ಲಿ 17ರ ಹರೆಯದ ವಿನ್ಚೆನ್ಸೊ ವಿವಿಯಾನಿ ಶಿಷ್ಯನಾಗಿ ಆ ಮನೆಗೆ ಬಂದ. ಪುಸ್ತಕ ಓದುತ್ತಾ ಇಳಿಜಾರಿನ ಮಾತಿಗೆ ಬಂದಾಗ ಹುಡುಗ ಅನುಮಾನಿಸಿದ. ಎತ್ತರ ಒಂದೇ ಆದರೆ ವೇಗ ಒಂದೇ ಎಂಬುದನ್ನು ಪುಸ್ತಕ ಒಪ್ಪಿಕೊಂಡು ಮುಂದೆ ಸಾಗಿತ್ತೇ ಹೊರತು ಸಾಧಿಸಿ ತೋರಿಸಿರಲಿಲ್ಲ.

ಗುರು ಮುನಿಯಲಿಲ್ಲ. ನಿದ್ದೆ ಬಾರದ ರಾತ್ರಿಯಲ್ಲಿ, ಹಾಸಿಗೆಯಲ್ಲೇ, ಮನಸ್ಸಿನಲ್ಲೇ ಸಾಧನೆ ಹುಡುಕಿದ. ಇಳಿಜಾರು ಎಷ್ಟು ಹದವೋ ವಸ್ತುವನ್ನು ಕೆಳಕ್ಕೆ ಎಳೆಯುವ ಬಲ ಅಷ್ಟು ಕಡಿಮೆ. ಆದರೆ ಆ ಬಲ ಎಳೆಯುವ ದೂರ ಅಷ್ಟೇ ಪಟ್ಟು ಹೆಚ್ಚು. ಎರಡೂ ಸರಿದೂಗುತ್ತವೆ. ಅದನ್ನು ಆತ ಹೇಳಿ ಬರೆಸಿದ.

1642ರ ಜನವರಿ 8ರಂದು ಬಂಧನದಲ್ಲೇ ಗೆಲಿಲಿಯೊ ಕಣ್ಣುಮುಚ್ಚಿದ. ಆ ಸಾಧನೆ 1656ರಲ್ಲಿ ಬೊಲೊನ್ಯಾದಲ್ಲಿ ಬಂದ ಮುದ್ರಣದಲ್ಲಿ ಸೇರಿತು. ಶಕ್ತಿ ಸಂರಕ್ಷಣೆಯ ನಿಯಮ ರೂಪುಗೊಳ್ಳಲು ಜಗತ್ತು ಇನ್ನೂ ಸುಮಾರು 200 ವರ್ಷ ಕಾಯಬೇಕಾಯಿತು. ಅದರತ್ತ ಸಾಗಿದ ದಾರಿಯಲ್ಲಿ ಶಿಷ್ಯನೊಬ್ಬನ ಅನುಮಾನವೂ, ಅದನ್ನು ತಳ್ಳಿಹಾಕದ ಗುರುವೂ ಇದ್ದಾರೆ.