ಎಲ್ಲ ಮತಗಳಿಗೂ ಒಂದೇ ಪ್ರಶ್ನೆ

ರಾಜಾ ರಾಮಮೋಹನ್ ರಾಯ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಸತಿ ಪದ್ಧತಿಯ ನಿಷೇಧ ಮತ್ತು ಬ್ರಹ್ಮ ಸಮಾಜದ ಸ್ಥಾಪನೆ. ಶಾಲೆಯ ಪಠ್ಯ ಅಷ್ಟಕ್ಕೇ ನಿಲ್ಲುತ್ತದೆ. ಈ ಎರಡೂ ಕಾರ್ಯಗಳ ಹಿಂದೆ ದೀರ್ಘಕಾಲದ ಒಂದು ಸತ್ಯಶೋಧವಿತ್ತು. ದೇವರು ಒಬ್ಬನೇ ಎನ್ನುವ ಮತಗಳು ಮನುಷ್ಯರನ್ನು ಬೇರ್ಪಡಿಸುವ ಉಳಿದ ನಂಬಿಕೆಗಳನ್ನು ಯಾವ ಆಧಾರದ ಮೇಲೆ ಕಟ್ಟಿಕೊಂಡಿವೆ ಎಂಬ ಪ್ರಶ್ನೆಯನ್ನು ಅವರು ಒಂದೊಂದು ಮತಕ್ಕೂ ಅದರ ಗ್ರಂಥದ ಭಾಷೆಯಲ್ಲಿಯೇ ಕೇಳಿದರು.

ರಾಯ್ ಹುಟ್ಟಿದ್ದು ಬಂಗಾಳದ ರಾಧಾನಗರದ ಬ್ರಾಹ್ಮಣ ಕುಟುಂಬದಲ್ಲಿ. ಜನ್ಮವರ್ಷ 1772 ಎಂದು ಕೆಲವರು, 1774 ಎಂದು ಕೆಲವರು ಹೇಳುತ್ತಾರೆ. ಆಗಿನ ಆಡಳಿತದ ಭಾಷೆ ಪರ್ಷಿಯನ್. ಅದರೊಂದಿಗೆ ಅರಬ್ಬಿಯನ್ನೂ ಸಂಸ್ಕೃತವನ್ನೂ ಅವರು ಕಲಿತರು. ಹೀಗಾಗಿ ಅವರ ಉಪಲಬ್ಧ ಮೊದಲ ಕೃತಿ, 1803-04ರ ಸುಮಾರಿನ ‘ತುಹ್ಫತ್-ಉಲ್-ಮುವಹ್ಹಿದೀನ್’, ಪರ್ಷಿಯನ್‌ನಲ್ಲಿದೆ; ಅದರ ಮುನ್ನುಡಿ ಅರಬ್ಬಿಯಲ್ಲಿದೆ. ಪರಮಶಕ್ತಿಯೊಂದರತ್ತ ಒಲಿಯುವುದು ಮನುಷ್ಯಸಹಜ, ಆದರೆ ನಿರ್ದಿಷ್ಟ ದೇವತೆಗಳೂ ಆಚರಣೆಗಳೂ ರೂಢಿ ಮತ್ತು ಬೆಳೆದ ಪರಿಸರದ ಫಲ ಎಂಬುದು ಅದರ ವಾದದ ತಿರುಳು. ಪವಾಡಗಳನ್ನು ನಂಬುವ ಮೊದಲು ಬುದ್ಧಿಯಿಂದ ಪರೀಕ್ಷಿಸಬೇಕೆಂದೂ ಅವರು ಅಲ್ಲಿ ಒತ್ತಾಯಿಸುತ್ತಾರೆ.

ಮುಂದೆ ಹಲವು ವರ್ಷ ಅವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಡಿಗ್ಬಿಯವರ ಬಳಿ ರಂಗ್‌ಪುರದಲ್ಲಿ ಕಂದಾಯದ ಕೆಲಸ ಮಾಡಿದರು. ಕಂದಾಯ ಇಲಾಖೆಯ ಕಡತಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತು: ಜಮೀನಿನ ಹಕ್ಕಿನ ಬಗೆಗೆ ಹತ್ತು ಮಂದಿ ಹತ್ತು ಬಗೆಯಾಗಿ ಹೇಳಬಹುದು, ಕೊನೆಗೆ ಕೇಳಬೇಕಾದದ್ದು ಮೂಲಪತ್ರವನ್ನು. ಧರ್ಮದ ವಿಷಯದಲ್ಲಿಯೂ ರಾಯ್ ಅನುಸರಿಸಿದ ಕ್ರಮ ಇದೇ.

1815ರ ವೇಳೆಗೆ ಕಲ್ಕತ್ತೆಯಲ್ಲಿ ನೆಲೆಸಿದ್ದ ಅವರು ಆತ್ಮೀಯ ಸಭೆಯನ್ನು ಕಟ್ಟಿದರು. ವೇದಾಂತಸೂತ್ರಗಳನ್ನೂ ಈಶ, ಕೇನ, ಕಠ ಮೊದಲಾದ ಉಪನಿಷತ್ತುಗಳನ್ನೂ ಬಂಗಾಳಿಗೆ ತಂದು ಅಚ್ಚು ಹಾಕಿಸಿದರು. ವಿಗ್ರಹಾರಾಧನೆಯೇ ಹಿಂದೂ ಧರ್ಮದ ಸಾರವೆಂದು ವಾದಿಸುತ್ತಿದ್ದ ಪಂಡಿತರ ಎದುರಿಗೆ ಅವರು ಹಿಡಿದದ್ದು ಪಂಡಿತರದೇ ಗ್ರಂಥಗಳನ್ನು. ಸತಿ ಪದ್ಧತಿಯ ವಿರುದ್ಧ 1818ರಿಂದ ಪ್ರಕಟಿಸಿದ ಸಂವಾದರೂಪದ ಪುಸ್ತಿಕೆಗಳಲ್ಲಿಯೂ ಇದೇ ವಿಧಾನ: ವಿಧವೆಗೆ ಮನು ವಿಧಿಸಿದ್ದು ಸಂಯಮದ ಬಾಳನ್ನು, ಚಿತೆಯನ್ನಲ್ಲ ಎಂಬುದು ಅವರ ತರ್ಕ. 1829ರ ಡಿಸೆಂಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿಯನ್ನು ನಿಷೇಧಿಸಿದಾಗ ಸಂಪ್ರದಾಯವಾದಿಗಳು ಲಂಡನ್ನಿನ ಪ್ರೀವಿ ಕೌನ್ಸಿಲಿಗೆ ಮೇಲ್ಮನವಿ ಸಲ್ಲಿಸಿದರು. 1832ರಲ್ಲಿ ಅದು ತಿರಸ್ಕೃತವಾಗುವ ವೇಳೆಗೆ ರಾಯ್ ಇಂಗ್ಲೆಂಡಿನಲ್ಲಿಯೇ ಇದ್ದರು.

ತಮ್ಮ ಮತವನ್ನು ವಿಮರ್ಶಿಸುವವನನ್ನು ಪರಮತದವರು ಆದರಿಸುವುದು ಲೋಕರೂಢಿ. ಕ್ರೈಸ್ತ ಪಾದ್ರಿಗಳೂ ಅವರಲ್ಲಿ ಭರವಸೆ ಇಟ್ಟಿದ್ದರು. ರಾಯ್ ಗ್ರೀಕ್ ಮತ್ತು ಹೀಬ್ರೂ ಕಲಿತು ಬೈಬಲನ್ನು ಓದಿದರು. 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಪ್ರಕಟಿಸಿದರು. ಪವಾಡಗಳನ್ನೂ ತ್ರಯೇಕ ದೇವತ್ವದ ಸಿದ್ಧಾಂತವನ್ನೂ ಬಿಟ್ಟರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಬಲವಾಗಿ ಖಂಡಿಸಿದರು. ಉತ್ತರವಾಗಿ ರಾಯ್ ಮೂರು ಪುಸ್ತಕಗಳನ್ನು ಬರೆದರು. ಮೂರನೆಯದನ್ನು ಮುದ್ರಿಸಲು ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಒಪ್ಪದಿದ್ದಾಗ ತಮ್ಮದೇ ಮುದ್ರಣಾಲಯವನ್ನು ತೆರೆದರು. ಈ ನಡುವೆ 1821ರಲ್ಲಿ, ಅವರೊಡನೆ ಚರ್ಚಿಸುತ್ತಿದ್ದ ಪಾದ್ರಿ ವಿಲಿಯಂ ಆಡಂ ತಾವೇ ತ್ರಯೇಕ ಸಿದ್ಧಾಂತವನ್ನು ತೊರೆದು ಏಕದೇವವಾದಿಯಾದರು. ಮತಾಂತರವಾಗುವುದಾದರೆ ಹಿಂದೂವಿನದು ಎಂದು ಕಾದಿದ್ದವರಿಗೆ ಇದು ದೊಡ್ಡ ಆಘಾತ.

ಹೀಗೆ ಯಾವ ಪಕ್ಷಕ್ಕೂ ಅವರು ಪೂರ್ತಿ ಸಲ್ಲಲಿಲ್ಲ. 1828ರಲ್ಲಿ ಸ್ಥಾಪಿಸಿದ ಬ್ರಹ್ಮ ಸಭೆಯ ಕಟ್ಟಡಕ್ಕೆ 1830ರ ಜನವರಿಯಲ್ಲಿ ಮಾಡಿದ ನ್ಯಾಸಪತ್ರ ಅವರ ನಿಲುವಿಗೆ ಉತ್ತಮ ಸಾಕ್ಷಿ. ಶಿಸ್ತಿನಿಂದ ನಡೆಯುವ ಯಾರಿಗಾದರೂ, ಜಾತಿ ಮತಗಳ ಭೇದವಿಲ್ಲದೆ, ಅಲ್ಲಿ ಪ್ರವೇಶ, ವಿಗ್ರಹಕ್ಕೆ ಅವಕಾಶವಿಲ್ಲ, ಅಷ್ಟೇ ಮುಖ್ಯವಾಗಿ, ಇತರರು ಪೂಜಿಸುವ ಯಾವ ವಸ್ತುವನ್ನೂ ಅಲ್ಲಿ ನಿಂದಿಸುವಂತಿಲ್ಲ. ವಿಗ್ರಹವನ್ನು ಒಪ್ಪದಿದ್ದರೂ ವಿಗ್ರಹ ಪೂಜಿಸುವವನ ಮನಸ್ಸನ್ನು ನೋಯಿಸಬಾರದೆಂಬ ಈ ವಿವೇಕ ಸುಧಾರಕರಲ್ಲಿ ಅಪರೂಪ.

1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲ್ ಬಳಿಯ ಸ್ಟೇಪಲ್ಟನ್‌ನಲ್ಲಿ ಅವರು ನಿಧನರಾದಾಗ ಮೈಮೇಲೆ ಜನಿವಾರವಿತ್ತು. ಅವರ ಇಚ್ಛೆಯಂತೆ ಕ್ರೈಸ್ತರ ಸ್ಮಶಾನದಲ್ಲಿ ಹೂಳದೆ, ತಂಗಿದ್ದ ಮನೆಯ ಆವರಣದಲ್ಲಿಯೇ ಸಮಾಧಿ ಮಾಡಲಾಯಿತು. 1843ರಲ್ಲಿ ದ್ವಾರಕಾನಾಥ ಟಾಗೋರ್ ಅದನ್ನು ಬ್ರಿಸ್ಟಲ್‌ನ ಆರ್ನೋಸ್ ವೇಲ್‌ಗೆ ಸ್ಥಳಾಂತರಿಸಿ ಭಾರತೀಯ ಶೈಲಿಯ ಮಂಟಪ ಕಟ್ಟಿಸಿದರು.

ಆ ಜನಿವಾರವನ್ನು ಕೆಲವರು ಅಂಜಿಕೆಯ ಗುರುತೆನ್ನುತ್ತಾರೆ. ಜಾತಿ ಕೆಟ್ಟರೆ ಆಸ್ತಿಯ ಹಕ್ಕು ಹೋಗುತ್ತಿದ್ದ ಕಾಲ ಅದು. ಮಕ್ಕಳ ಹಿತದ ಲೆಕ್ಕಾಚಾರ ಇದ್ದಿರಬಹುದು. ಆದರೆ ಇನ್ನೊಂದು ಅರ್ಥವೂ ಸಾಧ್ಯ. ಸತ್ಯವನ್ನು ಹುಡುಕಲು ಹುಟ್ಟಿದ ಮನೆಯನ್ನು ತೊರೆಯಲೇಬೇಕೆಂದು ಅವರು ಭಾವಿಸಲಿಲ್ಲ, ಮನೆಯಲ್ಲಿದ್ದುಕೊಂಡೇ ಪ್ರಶ್ನಿಸಿದರು. ಇನ್ನೊಬ್ಬರ ಧರ್ಮಗ್ರಂಥದ ಒಂದು ಪುಟವನ್ನೂ ಓದದೆ ತೀರ್ಪು ಕೊಡುವುದು ಸುಲಭವಾಗಿರುವ ಈ ದಿನಗಳಲ್ಲಿ, ಅಭಿಪ್ರಾಯ ಹೇಳುವ ಮೊದಲು ಭಾಷೆಗಳನ್ನೇ ಕಲಿತ ಆ ಶ್ರಮವನ್ನಾದರೂ ನಾವು ನೆನೆಯಬೇಕು.